ಮನೆಯಿಲ್ಲದ ಹುಡುಗರ ಕೈಗೆ ಹಾಲ್ ಕೀ ಕೊಡಬಹುದಾ?

ಪ್ರಶ್ನೆ: ನಾವು ಮಡಿಕೇರಿ ಹತ್ತಿರದ ಒಂದು ಚರ್ಚಿನ ಯುವಕರ ಗುಂಪಿನವರು. ಈ ಸಲ ಡಿಸೆಂಬರ್ 23ರಿಂದ 26ರವರೆಗೆ ನಮ್ಮ ಹಾಲ್‌ನಲ್ಲಿ ಮನೆಯಿಲ್ಲದವರಿಗೆ ಮಲಗಲು ಜಾಗ, ಊಟ ಕೊಡಬೇಕು ಅಂತ ಇದ್ದೇವೆ. ಈ ಯೋಚನೆ ನಮ್ಮದಲ್ಲ. ಬಸ್ ಸ್ಟ್ಯಾಂಡ್‌ನಲ್ಲಿ, ಅಂಗಡಿ ಜಗಲಿಯಲ್ಲಿ ಮಲಗುವ ನಾಲ್ಕು ಹುಡುಗರು ಮತ್ತು ಒಬ್ಬ ಹುಡುಗಿ ಭಾನುವಾರ ಪೂಜೆ ಮುಗಿದ ಮೇಲೆ ಬಂದು ಕೇಳಿದರು. 'ಹಾಲ್ ಕೊಡಿ, ಕೆಲಸ ನಾವು ಮಾಡ್ತೇವೆ' ಅಂದರು. ಎಲ್ಲರಿಗೂ 18 ದಾಟಿದೆಯಂತೆ. ಹಿರಿಯರು ಒಪ್ಪುತ್ತಿಲ್ಲ. 'ಸಹಾಯ ಬೇಕಾದವರ ಕೈಗೇ ಜವಾಬ್ದಾರಿ ಕೊಟ್ಟು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ?' ಅನ್ನುತ್ತಾರೆ. ಏನು ಮಾಡಲಿ, ಮೇಡಂ?

ಉತ್ತರ: ಹಾಲ್ ಕೊಡಿ. ಕೆಲಸವನ್ನೂ ಅವರಿಗೇ ಕೊಡಿ. ಹಿರಿಯರ ಪ್ರಶ್ನೆಗೂ ಉತ್ತರ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಐದು ಜನ ಕೇಳಿದ್ದು ಏನು ಅನ್ನೋದನ್ನು ಸರಿಯಾಗಿ ನೋಡೋಣ. ಅವರು ಊಟ ಕೇಳಲಿಲ್ಲ, ಕಂಬಳಿ ಕೇಳಲಿಲ್ಲ. ಬೇರೆಯವರಿಗೆ ಜಾಗ ಮಾಡಿಕೊಡೋಕೆ ಒಂದು ಜಾಗ ಕೇಳಿದರು. ಹದಿನೈದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಇಂಥ ಮಾತು ಕೇಳಿಬರೋದು ಬಹಳ ಅಪರೂಪ.

'ಕೊಡಗಿನಲ್ಲಿ ಮನೆಯಿಲ್ಲದವರು ಎಲ್ಲಿದ್ದಾರೆ?' ಅಂತ ಕೇಳುವವರು ಈಗಲೂ ಇದ್ದಾರೆ. ದೊಡ್ಡ ಊರುಗಳ ಹಾಗೆ ಇಲ್ಲಿ ಫುಟ್‌ಪಾತ್ ತುಂಬ ಜನ ಮಲಗಿರೋದಿಲ್ಲ, ನಿಜ. ನಮ್ಮಲ್ಲಿ ಮನೆ ಕಳೆದುಕೊಳ್ಳುವ ದಾರಿಯೇ ಬೇರೆ. ತೋಟದ ಲೈನ್ ಮನೆ ನೋಡಿ. ಅದು ಕೆಲಸಕ್ಕೆ ಅಂಟಿಕೊಂಡ ಮನೆ. ಕಾನೂನು ಪ್ರಕಾರ ತೋಟದಲ್ಲೇ ಇರುವ ಕಾರ್ಮಿಕರಿಗೆ ಮನೆ ಕೊಡಬೇಕು. ಆದರೆ ಕೆಲಸ ಇರುವತನಕ ಮಾತ್ರ ಆ ಮನೆ. ಅಪ್ಪ ತೀರಿಕೊಂಡ, ಮಗನಿಗೆ ಆ ತೋಟದಲ್ಲಿ ಕೆಲಸ ಇಲ್ಲ ಅಂದರೆ ಪಾತ್ರೆ ಪಗಡಿ ಹೊರಗೆ ಬರುತ್ತದೆ. ಹೋಟೆಲ್, ಹೋಂಸ್ಟೇ ಅಡುಗೆಮನೆಯಲ್ಲಿ ಕೆಲಸ ಮಾಡುವ ಹುಡುಗರದ್ದೂ ಅದೇ ಕಥೆ. ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆ ಪಕ್ಕ ಮಲಗುತ್ತಾರೆ. ಮಾಲೀಕರ ಜೊತೆ ಒಂದು ಮಾತು ಬಂತು ಅಂದರೆ ಸಂಬಳದ ಜೊತೆ ಹಾಸಿಗೆಯೂ ಹೋಯಿತು. ಕೊಯ್ಲಿಗೆ ಅಂತ ಅಸ್ಸಾಂ, ಬಂಗಾಳದಿಂದ ಬಂದು ಮೇಸ್ತ್ರಿ ಕೈಕೊಟ್ಟ ಮೇಲೆ ಉಳಿದುಹೋದವರು ಇದ್ದಾರೆ. 18 ತುಂಬಿತು ಅಂತ ಬಾಲಮಂದಿರದಿಂದ ಒಂದು ಬ್ಯಾಗ್ ಹಿಡಿದು ಹೊರಬಂದವರು ಇದ್ದಾರೆ.

ಅದರಲ್ಲೂ ಕ್ರಿಸ್‌ಮಸ್ ವಾರ ಇವರಿಗೆ ವರ್ಷದಲ್ಲೇ ಕಷ್ಟದ ವಾರ. ಮಡಿಕೇರಿ ತುಂಬ ಪ್ರವಾಸಿಗರು. ಬೇರೆ ದಿನ ಕಡಿಮೆ ದುಡ್ಡಿಗೆ ಸಿಗುತ್ತಿದ್ದ ಲಾಡ್ಜ್ ರೂಮಿನ ಬಾಡಿಗೆ ಕೈಗೆ ಎಟುಕೋದಿಲ್ಲ. ನಮ್ಮ ಊರು ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ. ರಾತ್ರಿ 12, 13 ಡಿಗ್ರಿಗೆ ಇಳಿಯುತ್ತದೆ. ಬೆಳಗಿನ ಜಾವ ಮಂಜಿಗೆ ಸಿಮೆಂಟ್ ಬೆಂಚು ಒದ್ದೆಯಾಗಿರುತ್ತದೆ. ಅಲ್ಲಿ ಮಲಗಿ ಎದ್ದವರಿಗೆ ಮಾತ್ರ ಆ ಚಳಿ ಗೊತ್ತು.

ಹಾಗೆ ಗೊತ್ತಿರುವವರ ಕೈಯಲ್ಲಿ ವ್ಯವಸ್ಥೆ ಇದ್ದರೆ ಏನಾಗುತ್ತದೆ? ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾನು ಒಂದು ಗಂಜಿ ಕೇಂದ್ರದಲ್ಲಿ ಇದ್ದೆ. ಮಕ್ಕಂದೂರು ಕಡೆಯಿಂದ ಬಂದ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ ಇರಬಹುದು. ಮನೆ, ಹಸು, ಅರ್ಧ ತೋಟ ಎಲ್ಲ ಹೋಗಿತ್ತು. ಎರಡು ದಿನ ಗೋಡೆಗೆ ಒರಗಿ ಕೂತಿದ್ದ. ಮೂರನೇ ದಿನ ಎದ್ದು ಬಾಗಿಲ ಹತ್ತಿರ ರಾಶಿ ಬಿದ್ದಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ಇಡೋಕೆ ಶುರು ಮಾಡಿದ. ಯಾರೂ ಹೇಳಿರಲಿಲ್ಲ. ಯಾಕಪ್ಪಾ ಅಂತ ಕೇಳಿದೆ. 'ರಾತ್ರಿ ಕರೆಂಟ್ ಇಲ್ಲ ಅಕ್ಕಾ. ಅಜ್ಜಿಯಂದಿರು ಬಾತ್ರೂಮಿಗೆ ಹೋಗುವಾಗ ಚಪ್ಪಲಿ ಸಿಗದೆ ಬರಿಗಾಲಲ್ಲಿ ಕೆಸರಿಗೆ ಇಳೀತಾರೆ' ಅಂದ. ನಾವು ಇಪ್ಪತ್ತು ಜನ ಸ್ವಯಂಸೇವಕರು ಇದ್ದೆವು. ಕೈಯಲ್ಲಿ ಪಟ್ಟಿ, ಕೊರಳಲ್ಲಿ ಕಾರ್ಡು. ಇದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾವು ರಾತ್ರಿ ಮನೆಗೆ ಹೋಗಿ ಮಲಗುತ್ತಿದ್ದೆವು, ಅದಕ್ಕೇ.

ಆಮೇಲೆ ಒಂದು ಡಿಸೆಂಬರ್‌ನಲ್ಲಿ ನೀವು ಈಗ ಯೋಚಿಸಿರುವಂಥದ್ದೇ ಒಂದು ಆಸರೆ ನಡೆಸಿದೆವು. ಚಾಪೆ ಹಾಸುವ ಕೆಲಸಕ್ಕೆ ಬಂದವಳು ಬಸ್ ಸ್ಟ್ಯಾಂಡ್‌ನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಹುಡುಗಿ. ನಾನು ಶಾಲೆಯ ಹಾಗೆ ಸಾಲಾಗಿ ಹಾಸಿಟ್ಟಿದ್ದೆ. ಅವಳು ಒಂದೊಂದನ್ನೇ ಎತ್ತಿ ಗೋಡೆ ಪಕ್ಕಕ್ಕೆ ಎಳೆದಳು. ತಲೆ ಗೋಡೆ ಕಡೆ, ಕಾಲು ಒಳಗಡೆ. 'ಬೆನ್ನ ಹಿಂದೆ ಯಾರೋ ಓಡಾಡ್ತಿದ್ದರೆ ನಿದ್ದೆ ಬರಲ್ಲ' ಅಂದಳು. ಬಾಗಿಲ ನೇರಕ್ಕೆ ಒಂದು ಚಾಪೆಯೂ ಇಲ್ಲ. ಪ್ರತಿ ಚಾಪೆಯ ತಲೆ ಹತ್ತಿರ ಬ್ಯಾಗ್ ಇಡುವಷ್ಟು ಜಾಗ. ಬಾತ್ರೂಮ್ ದಾರಿಯ ಲೈಟು ರಾತ್ರಿಯಿಡೀ ಉರಿಯಲಿ, ಉಳಿದದ್ದೆಲ್ಲ ಆರಿಸಿ ಅಂದಳು. ಇನ್ನೊಂದು ಮಾತು ಹೇಳಿದಳು, ಅದನ್ನು ಅವತ್ತಿನಿಂದ ನಾನು ಎಲ್ಲ ಕಡೆ ಹೇಳುತ್ತಾ ಬಂದಿದ್ದೇನೆ. ಮಲಗಿದವರನ್ನು ಮುಟ್ಟಿ ಎಬ್ಬಿಸಬಾರದು. ಕಾಲ ಹತ್ತಿರ ನಿಂತು ಹೆಸರು ಹಿಡಿದು ಕರೆಯಬೇಕು. ಬೀದಿಯಲ್ಲಿ ಮಲಗಿದವರನ್ನು ಮುಟ್ಟಿ ಎಬ್ಬಿಸುವವರು ಒಳ್ಳೆಯದಕ್ಕೆ ಎಬ್ಬಿಸಿರೋದಿಲ್ಲ ಅಲ್ವಾ?

ಬಂದವರನ್ನು ಒಳಗೆ ಕರೆಯಲು ಬಾಗಿಲಲ್ಲಿ ನಿಲ್ಲಿಸಬೇಕಾದ್ದು ಇಂಥವರನ್ನು. ಒಳಗೆ ಬರಲೋ ಬೇಡವೋ ಅಂತ ರಸ್ತೆಯ ಆಚೆ ಬದಿ ನಿಂತವನಿಗೆ ನಾನು ಕರೆದರೆ ಅನುಮಾನ. ತನ್ನ ಹಾಗೇ ಇರುವ ಒಬ್ಬ 'ಬಾ ಮಾರಾಯ, ಟೀ ಬಿಸಿ ಇದೆ' ಅಂದರೆ ಬರುತ್ತಾನೆ.

ಇದು ಹೊಸ ವಿಷಯ ಏನಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಕಥೆ ನಿಮ್ಮ ಹಿರಿಯರಿಗೆ ಗೊತ್ತೇ ಇರುತ್ತದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕರಾವಳಿಯ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. 1792ರಲ್ಲಿ ಅಲ್ಲಿ ಚರ್ಚ್ ಆಯಿತು. ರಾಜ ಕೊಟ್ಟದ್ದು ಜಾಗ. ಅದನ್ನು ನಾಲ್ಕು ಜನ ಬಂದು ಸೇರುವ ಸ್ಥಳ ಮಾಡಿದ್ದು ನೆಲೆ ಇಲ್ಲದೆ ಬಂದವರೇ. ಕೊಡಗಿನ ಕ್ರೈಸ್ತರ ಕಥೆ ಹಾಗೆ ಶುರುವಾಗಿದ್ದು. ಇನ್ನೊಂದು ಕಾಕತಾಳೀಯ ನೋಡಿ. ಲಂಡನ್‌ನಲ್ಲಿ ಮನೆಯಿಲ್ಲದ ಯುವಕರಿಗಾಗಿ ಕೆಲಸ ಮಾಡುವ ಸೆಂಟರ್‌ಪಾಯಿಂಟ್ ಅನ್ನುವ ಸಂಸ್ಥೆ ಇದೆ. ಅದು ಶುರುವಾಗಿದ್ದು 1969ರ ಡಿಸೆಂಬರ್ 16ರಂದು, ಕ್ರಿಸ್‌ಮಸ್‌ಗೆ ಒಂಬತ್ತು ದಿನ ಮೊದಲು, ಸೋಹೋ ಬಡಾವಣೆಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಆ ಚರ್ಚಿನ ಹೆಸರೂ ಸಂತ ಅನ್ನಮ್ಮನದ್ದೇ. ಮಲಗೋಕೆ ಜಾಗ ಇಲ್ಲದ ಹುಡುಗರಿಗೆ ಒಂದು ರಾತ್ರಿಯ ಆಸರೆ ಅಂತ ಶುರುವಾಗಿದ್ದು ಇವತ್ತಿಗೂ ನಡೆಯುತ್ತಿದೆ. ಹಿರಿಯರ ಜೊತೆ ಕೂತಾಗ ಇವೆರಡನ್ನೂ ಹೇಳಿ.

ಈಗ ಹೊಣೆಯ ಪ್ರಶ್ನೆ. ಹಿರಿಯರು ಕೇಳಿದ್ದರಲ್ಲಿ ತಪ್ಪಿಲ್ಲ. ಹೊಣೆ ನಿಮ್ಮದು, ಆ ಹುಡುಗರದ್ದಲ್ಲ. ಹಾಲ್ ನಿಮ್ಮದು, ಅನುಮತಿ ನಿಮ್ಮ ಹೆಸರಲ್ಲಿ. ಕೆಲಸ ಹಂಚಿಕೊಳ್ಳಬಹುದು, ಹೊಣೆಯನ್ನು ಅವರ ತಲೆಗೆ ಕಟ್ಟಬಾರದು. ರಾತ್ರಿ ಪಾಳಿಯಲ್ಲಿ ಯಾವಾಗಲೂ ಇಬ್ಬರು ಇರಲಿ, ನಿಮ್ಮ ಗುಂಪಿನವರೊಬ್ಬರು, ಅವರಲ್ಲೊಬ್ಬರು. ಒಬ್ಬರೇ ಇರೋದು ಬೇಡ, ಅದು ಫಾದರ್ ಆದರೂ ಸರಿ. ದುಡ್ಡು ಹಾಲ್‌ನಲ್ಲಿ ಇಡಲೇಬೇಡಿ. ಸಾಮಾನನ್ನು ಮೊದಲೇ ತಂದಿಡಿ. ಮಲಗಲು ಬಂದವರ ಫೋನು, ಪರ್ಸಿಗೆ ಒಂದು ತಗಡಿನ ಟ್ರಂಕ್, ಚೀಟಿ, ಬೀಗ ಸಾಕು. ಈ ನಿಯಮ ಎಲ್ಲರಿಗೂ ಒಂದೇ ಇರಲಿ. ಆ ಐದು ಜನರ ಜೇಬು ಮಾತ್ರ ನೋಡುತ್ತೇವೆ ಅಂತಾದರೆ ಈ ಕೆಲಸಕ್ಕೆ ಕೈ ಹಾಕದಿರೋದೇ ಒಳ್ಳೆಯದು.

ಎಷ್ಟು ಜನರಿಗೆ ಜಾಗ ಅಂತ ಮೊದಲೇ ಲೆಕ್ಕ ಹಾಕಿ. ನಗರದ ನಿರಾಶ್ರಿತರ ಆಸರೆಗೆ ಸರ್ಕಾರದ ಯೋಜನೆ ಇಟ್ಟಿದ್ದ ಅಳತೆ ಒಬ್ಬರಿಗೆ ಕನಿಷ್ಠ 50 ಚದರ ಅಡಿ. ನಿಮ್ಮ ಹಾಲ್ 30 ಅಡಿಗೆ 40 ಅಡಿ ಇದ್ದರೆ 24 ಜನ. ಅದೇ ಯೋಜನೆಯಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನರಿಗೆ ಜಾಗ ಇರಬೇಕು ಅಂತಿತ್ತು. ಮಡಿಕೇರಿ ಪಟ್ಟಣದಲ್ಲಿ 2011ರ ಜನಗಣತಿ ಪ್ರಕಾರ ಇದ್ದದ್ದು ಸುಮಾರು 33 ಸಾವಿರ ಜನ. ಆ ಲೆಕ್ಕಕ್ಕೆ 33 ಜನರಿಗೆ ಜಾಗ ಬೇಕು. ಅಂದರೆ ನಿಮ್ಮ ಒಂದು ಹಾಲ್ ಊರಿನ ಲೆಕ್ಕದ ಮುಕ್ಕಾಲು ಪಾಲು ಹೊರುತ್ತದೆ. ಸಣ್ಣ ಕೆಲಸ ಅಂದುಕೊಳ್ಳಬೇಡಿ. ಹೆಂಗಸರಿಗೆ ಬೇರೆ ರೂಮು, ಒಳಗಿನಿಂದ ಹಾಕುವ ಚಿಲಕ, ಬೇರೆ ಬಾತ್ರೂಮ್. ಇದಾಗದಿದ್ದರೆ ಅವರನ್ನು ಮಲಗಿಸಲು ಒಂದು ಕಾನ್ವೆಂಟ್ ಅಥವಾ ಹೆಂಗಸರಿರುವ ಮನೆಯನ್ನು ಮೊದಲೇ ಗೊತ್ತುಮಾಡಿ.

ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಚಳಿ ಅಂತ ಹಾಲ್ ಒಳಗೆ ಕೆಂಡ ಇಡೋದು ಬೇಡ. ನಮ್ಮ ಕಡೆ ಹಳೆ ಬಾಣಲೆಗೆ ಇದ್ದಿಲು ಹಾಕಿ ಮೂಲೆಯಲ್ಲಿಟ್ಟು ಮಲಗುವ ಅಭ್ಯಾಸ ಇದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳೋದಿಲ್ಲ. ಬೆಂಕಿ ಬೇಕಾದರೆ ಅಂಗಳದಲ್ಲಿ ಹಾಕಿ, ಸುತ್ತ ಕೂರಿಸಿ, ಮಲಗುವ ಮುಂಚೆ ನೀರು ಹೊಯ್ದು ಆರಿಸಿ. ಒಳಗಿನ ಚಳಿಗೆ ಕೆಳಗಿನಿಂದ ತಡೆ ಹಾಕಬೇಕು. ಬರಿಯ ಚಾಪೆ ಸಾಲದು. ಮೊದಲು ಟಾರ್ಪಾಲ್, ಅದರ ಮೇಲೆ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಕಿ, ಆಮೇಲೆ ಚಾಪೆ, ಜಮಖಾನ. ಮೇಲೆ ಎರಡು ಕಂಬಳಿ ಹೊದೆಯೋದಕ್ಕಿಂತ ಒಂದನ್ನು ಕೆಳಗೆ ಹಾಸಿದರೆ ಜಾಸ್ತಿ ಬೆಚ್ಚಗಿರುತ್ತದೆ. ರಟ್ಟಿನ ಉಪಾಯ ಆ ಹುಡುಗರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಕೇಳಿ ನೋಡಿ.

'ಎರಡು ಪೆಗ್ ಹಾಕಿದರೆ ಚಳಿ ಹೋಗುತ್ತದೆ' ಅನ್ನೋದು ಸುಳ್ಳು. ಕುಡಿದಾಗ ಚರ್ಮದ ರಕ್ತನಾಳ ಅಗಲವಾಗಿ ಮೈಯ ಬಿಸಿ ಹೊರಗೆ ಹೋಗುತ್ತದೆ. ಹಾಲ್ ಒಳಗೆ ಕುಡಿತ ಬೇಡ, ಮನೆಯಲ್ಲಿ ಮಾಡಿದ ವೈನ್ ಕೂಡ. ಆದರೆ ಕುಡಿದು ಬಂದವರನ್ನು ಚಳಿಗೆ ವಾಪಸ್ ಕಳಿಸಬೇಡಿ. ಜಗಳ ಮಾಡದಿದ್ದರೆ ಬಾಗಿಲ ಹತ್ತಿರದ ಮೂಲೆಯಲ್ಲಿ ಮಗ್ಗುಲಿಗೆ ಮಲಗಿಸಿ, ಒಬ್ಬರು ಕಣ್ಣಿಟ್ಟಿರಿ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರುತ್ತದೆ. ನಾಟಕ ಅಂದುಕೊಳ್ಳಬೇಡಿ. 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.

ಪೊಲೀಸ್ ಠಾಣೆಗೆ ಮುಂಚೆಯೇ ಒಂದು ಪತ್ರ ಕೊಡಿ, ಹಾಲ್‌ನಲ್ಲಿ ಇಂತಿಷ್ಟು ದಿನ ಇಷ್ಟು ಜನ ಮಲಗುತ್ತಾರೆ ಅಂತ. ಬಂದವರ ಹೆಸರಿಗೆ ಒಂದು ರಿಜಿಸ್ಟರ್ ಇರಲಿ. ಆದರೆ ಬಾಗಿಲಲ್ಲೇ ಆಧಾರ್ ಕೇಳಬೇಡಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಲು ಅದರಲ್ಲಿ ಅವಕಾಶ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಅದಕ್ಕೆ ಅಂತ 3 ಪರ್ಸೆಂಟ್ ಸೆಸ್ಸೂ ಇದೆ. ಹಾಗಾಗಿ ಬೀದಿಯಲ್ಲಿರುವವರಿಗೆ ಪುಸ್ತಕದಲ್ಲಿ ಹೆಸರು ಬರೆಯುವ ಕೈ ಕಂಡರೆ ಭಯ. ಮೊದಲು ಟೀ ಕೊಡಿ, ಕೂರಿಸಿ, ಆಮೇಲೆ ಹೆಸರು ಕೇಳಿ. ಅದನ್ನು ಬರೆದುಕೊಳ್ಳುವ ಕೆಲಸವನ್ನು ನಿಮ್ಮ ಆ ಹುಡುಗಿಗೆ ಕೊಟ್ಟು ನೋಡಿ.

18ರ ಕೆಳಗಿನ ಮಕ್ಕಳು ಒಬ್ಬರೇ ಬಂದರೆ ಊಟ ಕೊಡಿ, ಬೆಚ್ಚಗೆ ಕೂರಿಸಿ, ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 24 ಗಂಟೆಯೊಳಗೆ ತಿಳಿಸಲೇಬೇಕು, 2015ರ ಬಾಲನ್ಯಾಯ ಕಾಯ್ದೆಯಲ್ಲಿ ಹಾಗಿದೆ. ನಿಮ್ಮ ಐವರಲ್ಲೂ ಯಾರಾದರೂ ವಯಸ್ಸು ಜಾಸ್ತಿ ಹೇಳಿಕೊಂಡಿದ್ದಾರಾ ಅಂತ ಮೆತ್ತಗೆ ವಿಚಾರಿಸಿ. ಬೈದು ಕೇಳಿದರೆ ಓಡಿಹೋಗುತ್ತಾರೆ.

ಊಟದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು), ಕೇಕ್ ಎಲ್ಲ ಇರಲಿ. ಆದರೆ ರಾತ್ರಿ ಎಂಟಕ್ಕೆ ಬಂದವನಿಗೆ ಬೇಕಾದ್ದು ಬಿಸಿ ಅಕ್ಕಿ ರೊಟ್ಟಿ, ಸಾರು, ಒಂದು ಲೋಟ ಬಿಸಿನೀರು. ಟೋಕನ್, ಕ್ಯೂ ಬೇಡ. ಕೂರಿಸಿ ಸ್ಟೀಲ್ ತಟ್ಟೆಯಲ್ಲಿ ಬಡಿಸಿ. 'ಇನ್ನೊಂದು ಹಾಕ್ಲಾ?' ಅಂತ ಎರಡು ಸಲ ಕೇಳಿ. ಮೊದಲನೇ ಸಲ ಎಲ್ಲರೂ ಸಂಕೋಚಕ್ಕೆ ಬೇಡ ಅನ್ನುತ್ತಾರೆ. ಪಂದಿ ಕರಿ (ಹಂದಿ ಮಾಂಸದ ಅಡುಗೆ) ಮಾಡೋದಾದರೆ ಅದನ್ನು ತಿನ್ನದವರಿಗೆ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಕೋಳಿಯೋ ಕಡಲೆಯೋ ಇರಲಿ. ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಗೋದಲಿ ಕಟ್ಟಿ, ನಕ್ಷತ್ರ ತೂಗುಹಾಕಿ, ಕ್ಯಾರಲ್ ಹಾಡಿ. ಯಾರನ್ನೂ ಪ್ರಾರ್ಥನೆಗೆ ಎಳೆಯಬೇಡಿ.

ಈಗ ನನ್ನಿಂದಾದ ಒಂದು ತಪ್ಪು ಹೇಳಬೇಕು. ಆ ಡಿಸೆಂಬರ್‌ನ ಕೊನೆಯ ರಾತ್ರಿ, ಕೆಲಸ ಮಾಡಿದ ಹುಡುಗರನ್ನು ಸ್ಟೇಜಿಗೆ ಕರೆದೆ. 'ಇವರಿಗೇ ಮನೆಯಿಲ್ಲ, ಆದರೂ ನೋಡಿ' ಅಂತ ಮೈಕ್‌ನಲ್ಲಿ ಹೇಳಿದೆ. ಶಾಲು ಹೊದಿಸಿದೆ. ಯಾರೋ ಫೋಟೋ ತೆಗೆದರು, ವಾಟ್ಸಾಪ್‌ನಲ್ಲಿ ಹೋಯಿತು. ಅವರಲ್ಲೊಬ್ಬ ಊರಲ್ಲಿರುವ ಅಮ್ಮನ ಹತ್ತಿರ, ತನಗೆ ಹೋಟೆಲ್‌ನಲ್ಲಿ ರೂಮು ಕೊಟ್ಟಿದ್ದಾರೆ ಅಂತ ಹೇಳಿದ್ದ. ಆ ಫೋಟೋ ಅಮ್ಮನ ಫೋನಿಗೂ ಮುಟ್ಟಿತು. ಮರುದಿನ ಬೆಳಿಗ್ಗೆ ಶಾಲನ್ನು ಮಡಿಸಿ ಚಾಪೆಯ ಮೇಲಿಟ್ಟು ಹೊರಟುಹೋಗಿದ್ದ. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಶಾಲು ಈಗಲೂ ನನ್ನ ಬೀರುವಿನಲ್ಲಿದೆ. ದಯವಿಟ್ಟು ಫೋಟೋ ಬೇಡ, ಸನ್ಮಾನ ಬೇಡ, ಅವರ ಕಥೆಯನ್ನು ನೀವು ಹೇಳೋದು ಬೇಡ. ಬ್ಯಾಡ್ಜ್ ಹಾಕೋದಾದರೆ ಎಲ್ಲ ಸ್ವಯಂಸೇವಕರಿಗೂ ಒಂದೇ ಬಣ್ಣದ್ದು, ಹೆಸರು ಮಾತ್ರ. ಹೊರಗಿನವರಿಗೆ ಯಾರು ಮನೆಯಿಂದ ಬಂದವರು, ಯಾರು ಬಸ್ ಸ್ಟ್ಯಾಂಡ್‌ನಿಂದ ಬಂದವರು ಅಂತ ಗೊತ್ತಾಗಬಾರದು.

ಇದರ ಇನ್ನೊಂದು ಮಗ್ಗುಲೂ ಇದೆ. ಹುಮ್ಮಸ್ಸಿನಲ್ಲಿ ಬಂದವರನ್ನು ಸುಮ್ನೆ ದುಡಿಸಿಕೊಳ್ಳಬಾರದು. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲಿನ ಕಾಲ. ಹಗಲು ತೋಟಕ್ಕೆ ಹೋದರೆ ಕೂಲಿ ಸಿಗುತ್ತದೆ. ಅದನ್ನು ತಪ್ಪಿಸಿ ಪಾತ್ರೆ ತೊಳೆಸಬೇಡಿ. ಪಾಳಿ ಸಂಜೆಗೆ ಇಟ್ಟುಕೊಳ್ಳಿ. ಹಗಲೂ ಬೇಕೇ ಬೇಕು ಅಂದರೆ ಆ ದಿನದ ಕೂಲಿ ಕೊಟ್ಟುಬಿಡಿ. ಬಸ್ ಚಾರ್ಜು, ಒಂದು ಜೊತೆ ಒಳ್ಳೆ ಸಾಕ್ಸ್, ಸ್ನಾನಕ್ಕೆ ಹಂಡೆ ಬಿಸಿನೀರು ಅವರಿಗೂ ಸಿಗಲಿ. ಪಾಳಿ ಮುಗಿದ ಮೇಲೆ ಮಲಗಲು ಅವರಿಗೂ ಒಂದೊಂದು ಚಾಪೆ ಬೇಕು. ಇದನ್ನು ಎಷ್ಟೋ ಕಡೆ ಮರೆಯುತ್ತಾರೆ. 24ರ ರಾತ್ರಿ ಅವರಲ್ಲಿ ಒಬ್ಬರಿಗೆ ಅಳು ಬಂದರೆ, ಕೆಲಸ ಬಿಟ್ಟು ಹೊರಗೆ ಹೋಗಿ ಕೂತರೆ, ಬಿಟ್ಟುಬಿಡಿ. ಆ ರಾತ್ರಿ ಮನೆಯ ನೆನಪು ಯಾರನ್ನೂ ಬಿಡೋದಿಲ್ಲ. ಅವರ ಪಾಳಿಗೆ ನೀವು ನಿಲ್ಲಿ.

ಕೊನೆಗೆ, 26ರ ಬೆಳಿಗ್ಗೆ. ಮೂರು ರಾತ್ರಿ ಬೆಚ್ಚಗೆ ಮಲಗಿಸಿ ನಾಲ್ಕನೇ ರಾತ್ರಿ ಬೆಂಚಿಗೆ ಕಳಿಸೋದು ಸುಲಭ ಅಲ್ಲ, ಅವರಿಗೂ ನಿಮಗೂ. ಹಾಗಾಗಿ ಈಗಲೇ ಮೂರು ಕೆಲಸ ಶುರು ಮಾಡಿ. ಬಾಲಮಂದಿರದಿಂದ ಹೊರಬಂದವರು ಯಾರಾದರೂ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗಿ. 18 ದಾಟಿ 21 ತುಂಬದವರಿಗೆ ಅನುಪಾಲನೆ (ಆಫ್ಟರ್‌ಕೇರ್) ಅಂತ ವ್ಯವಸ್ಥೆ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಕೇಳುವವರು ಇಲ್ಲದೆ ಎಷ್ಟೋ ಮಕ್ಕಳಿಗೆ ಅದು ಮುಟ್ಟೋದಿಲ್ಲ. ಎರಡನೆಯದು ವಿಳಾಸ. ಆಧಾರ್‌ಗೆ ಬೇರೆ ದಾಖಲೆ ಇಲ್ಲದವರಿಗೆ ಗೆಜೆಟೆಡ್ ಅಧಿಕಾರಿ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬಹುದು. ನಿಮ್ಮ ಹಿರಿಯರಲ್ಲಿ ಅಂಥವರ ಪರಿಚಯ ಯಾರಿಗಾದರೂ ಇದ್ದೇ ಇರುತ್ತದೆ. ಹಿರಿಯರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಇದೇ ಒಳ್ಳೆ ದಾರಿ. ಮೂರನೆಯದು ಅನುಭವ ಪತ್ರ. ಯಾವ ಪಾಳಿ, ಯಾವ ಕೆಲಸ, ಎಷ್ಟು ದಿನ ಅಂತ ಚರ್ಚಿನ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಮಾಡಿ ಕೊಡಿ. 'ಮನೆಯಿಲ್ಲದವರು' ಅನ್ನುವ ಮಾತು ಅದರಲ್ಲಿ ಬರಬಾರದು. ಜನವರಿಯಿಂದ ರೋಬಸ್ಟಾ ಕೊಯ್ಲು. ಮಲಗಲು ಜಾಗ ಕೊಡುವ ತೋಟಗಳಿಗೆ ಆಳು ಬೇಕಾಗುತ್ತದೆ. ಅಂಥ ಪತ್ರ ನೋಡಿ ತೋಟದ ಲೆಕ್ಕ ಬರೆಯುವ ಒಬ್ಬ ರೈಟರ್ ಅಡುಗೆಮನೆ ಉಸ್ತುವಾರಿಗೆ ಒಂದು ಹುಡುಗಿಯನ್ನು ತೆಗೆದುಕೊಂಡದ್ದು ನನಗೆ ಗೊತ್ತು. ಚಾಪೆಗಳನ್ನು ಗೋಡೆಗೆ ಎಳೆದ ಹುಡುಗಿ ಅವಳೇ.

ಹಾಲ್‌ಗೆ ಎರಡು ಕೀ ಮಾಡಿಸಿ. ಒಂದು ನಿಮ್ಮ ಹತ್ತಿರ, ಇನ್ನೊಂದು ಆ ಐವರು ತಾವೇ ಆರಿಸಿದ ಒಬ್ಬರ ಹತ್ತಿರ. ಕಂಬಳಿ ಕಡಿಮೆ ಬಿದ್ದರೆ 20ನೇ ತಾರೀಕಿನೊಳಗೆ ಬರೆಯಿರಿ. ನನ್ನ ಹತ್ತಿರ ಹದಿನೆಂಟು ಇವೆ, ಎಲ್ಲ ಒಗೆಸಿಟ್ಟಿದ್ದೇನೆ. ಬಿಸಿಲು ಬಂದ ದಿನ ಒಮ್ಮೆ ಹರವಿ ಕಳಿಸುತ್ತೇನೆ.